ಫುಲ್ ಕೊಟ್ಟರೆ ಕೆಮ್ಮುವ ಇಂಜಿನ್ನು

ನಮ್ಮ ದೋಣಿಯ ಇಂಜಿನ್ನಿನ ಸದ್ದು ನನಗೆ ಗೊತ್ತು. ಕಾಸರಕೋಡಿನ ದಂಡೆಯಲ್ಲಿ ಮೀನಿಗೆ ಕಾಯುತ್ತ ಕೂರುವ ಹೆಂಗಸರಿಗೆಲ್ಲ ಅವರವರ ದೋಣಿಯ ಸದ್ದು ಗೊತ್ತಿರುತ್ತದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಎಮ್ಮೆ ಸಾಕಿದವಳಿಗೆ ಎಮ್ಮೆಯ ಕೂಗು ಗೊತ್ತಿರುವ ಹಾಗೆ. ಆ ಮಳೆಗಾಲದ ಬೆಳಿಗ್ಗೆ ಮಗನ ದೋಣಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಬಂತು. ನಾನು ಬುಟ್ಟಿ ಹಿಡಿದು ಎದ್ದೆ.

ನಮ್ಮದು ದೊಡ್ಡ ಬೋಟ್ ಅಲ್ಲ. ಹಿಂದುಗಡೆ ಇಂಜಿನ್ ಕಟ್ಟಿದ ನಾಡದೋಣಿ. ಅದರಲ್ಲಿ ಹೋಗುವವರು ಇಬ್ಬರೇ. ಇಂಜಿನ್ ಹಿಡಿಯುವವನು ನನ್ನ ಮಗ. ಬಲೆ ನೋಡುವವನು ನನ್ನ ಸೊಸೆಯ ಅಣ್ಣ. ಅವನ ಮನೆ ಭಟ್ಕಳದ ಆಚೆ ತೆಂಗಿನಗುಂಡಿಯಲ್ಲಿ. ಮಳೆಗಾಲದ ಮೀನುಗಾರಿಕೆಗೆ ಪ್ರತಿ ವರ್ಷ ನಮ್ಮಲ್ಲಿಗೆ ಬಂದು ಇರುತ್ತಾನೆ.

ಸಮುದ್ರದಿಂದ ಒಳಗೆ ಬರಬೇಕಾದರೆ ಅಳಿವೆ ದಾಟಬೇಕು. ಶರಾವತಿ ಸಮುದ್ರಕ್ಕೆ ಸೇರುವ ಬಾಯಿ ಅದು. ನದಿ ಹೂಳು ತಂದು ಒಟ್ಟುತ್ತದೆ, ಸಮುದ್ರ ಅದನ್ನು ಹಿಂದಕ್ಕೆ ನೂಕುತ್ತದೆ, ನಡುವೆ ಮರಳಿನ ದಿಬ್ಬ ಏಳುತ್ತದೆ. ಮಳೆಗಾಲದಲ್ಲಿ ಆ ದಿಬ್ಬದ ಮೇಲೆ ತೆರೆ ಒಡೆಯುತ್ತದೆ. ದೋಣಿ ಒಂದು ತೆರೆಯ ಬೆನ್ನು ಹಿಡಿದು, ಹಿಂದಿನ ತೆರೆ ಬಂದು ಹೊಡೆಯುವ ಮೊದಲು ದಾಟಿಬಿಡಬೇಕು. ಅದಕ್ಕೆ ಇಂಜಿನ್ ಫುಲ್ ಓಡಬೇಕು, ಮುಕ್ಕಾಲು ಓಡಿದರೆ ಸಾಲದು. ಅಲ್ಲಿ ಇಂಜಿನ್ ಕೈಕೊಟ್ಟವರನ್ನು ನಾನು ಇದೇ ದಂಡೆಯಿಂದ ನೋಡಿದ್ದೇನೆ. ಎಲ್ಲರೂ ಈಜಿ ಬಂದಿಲ್ಲ.

ಮಗ ಹೊರಗಿನಿಂದಲೇ ಫುಲ್ ಕೊಟ್ಟುಕೊಂಡು ಬಂದ. ದಿಬ್ಬದ ಹತ್ತಿರ ಬರುವಾಗ ಇಂಜಿನ್ ಕೆಮ್ಮಿತು. ಒಂದು ಸಲ, ಎರಡು ಸಲ. ಆಮೇಲೆ ಉಬ್ಬಸದವರ ಹಾಗೆ ಬಿಟ್ಟು ಬಿಟ್ಟು ಎಳೆಯಿತು. ಆಮೇಲೆ ಸದ್ದೇ ಇಲ್ಲ.

ದೋಣಿ ಅಡ್ಡ ತಿರುಗಿತು. ಹಿಂದಿನ ತೆರೆ ಏಳುತ್ತಿತ್ತು. ನನ್ನ ಪಕ್ಕದಲ್ಲಿದ್ದವಳು ನನ್ನ ತೋಳು ಹಿಡಿದದ್ದು ನೆನಪಿದೆ, ಅವಳು ಏನು ಹೇಳಿದಳೋ ನೆನಪಿಲ್ಲ. ಮಗ ಹಗ್ಗ ಜಗ್ಗಿ ಜಗ್ಗಿ ಇಂಜಿನ್ ಹೊಡೆಯುತ್ತಿದ್ದ. ಸೊಸೆಯ ಅಣ್ಣ ಬಲೆಯ ಮೇಲೆ ತೆವಳಿಕೊಂಡು ಎಣ್ಣೆಯ ಟಾಂಕಿಯ ಹತ್ತಿರ ಹೋಗಿ, ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಬಗ್ಗಿ ನೋಡಿದ. ಇಂಥ ಹೊತ್ತಿನಲ್ಲಿ ಇವನು ಎಣ್ಣೆ ನೋಡುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಇಂಜಿನ್ ಹತ್ತಿತು. ತೆರೆ ದೋಣಿಯ ಹಿಂಬದಿಯನ್ನು ಎತ್ತಿ ಒಗೆಯಿತು, ಮಗುಚಲಿಲ್ಲ. ಒಳಗೆ ಬಂದರು.

ದಡಕ್ಕೆ ಹತ್ತಿದ ಮೇಲೆ ಮಗ ನನ್ನ ಮುಖ ನೋಡಲಿಲ್ಲ.

“ಇಂಜಿನ್ನಿಗೆ ಎಂತ ಆತು?” ಅಂದೆ.

“ಎಂತ ಇಲ್ಲ ಅಮ್ಮ. ಮಿಸ್ಸಿಂಗ್ ಬತ್ತದೆ. ನಿಧಾನ ಹೋದ್ರೆ ಸರಿಯಾಗೇ ಅದೆ. ಫುಲ್ ಕೊಟ್ಟು ಸ್ವಲ್ಪ ಹೊತ್ತಾದ್ರೆ ಕೆಮ್ತದೆ.”

“ಯಾವತ್ತಿಂದ?”

“ನಾಕೈದು ದಿನ ಆತು.”

“ನಾಕೈದು ದಿನ! ನಂಗೆ ಹೇಳ್ಲಿಲ್ಲ ಎಂತಕ್ಕೆ?”

“ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ಬೈತಿದ್ದೆ.”

ಅದು ನಿಜ. ಬೈಯುತ್ತಿದ್ದೆ. ಆಗಲೂ ಬೈದೆ.

ಅವತ್ತಿನಿಂದ ಇಂಜಿನ್ನಿನ ರೋಗ ಹುಡುಕುವ ಕೆಲಸ ಶುರುವಾಯಿತು. ಮೊದಲು ಪ್ಲಗ್ ಬಿಚ್ಚಿದರು. ಕಪ್ಪಾಗಿತ್ತು, ತಿಕ್ಕಿ ಹಾಕಿದರು. ಕೆಮ್ಮು ಹೋಗಲಿಲ್ಲ. ಹೊಸ ಪ್ಲಗ್ ತಂದು ಹಾಕಿದರು, ಹೋಗಲಿಲ್ಲ. ಎಣ್ಣೆಯ ಪೈಪು ಬದಲು ಮಾಡಿದರು. ಅದಕ್ಕೂ ಹೋಗಲಿಲ್ಲ. ಕೊನೆಗೆ ಇಂಜಿನ್ ಬಿಚ್ಚಿ, ಗೋಣಿಚೀಲ ಸುತ್ತಿ, ರಿಕ್ಷಾದಲ್ಲಿ ಹಾಕಿಕೊಂಡು ಹೊನ್ನಾವರದ ಮೇಸ್ತ್ರಿಯ ಹತ್ತಿರ ಹೋದೆವು. ನಾನೂ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಮೇಸ್ತ್ರಿ ನಮ್ಮ ಇಂಜಿನ್ನನ್ನು ಹತ್ತು ವರ್ಷದಿಂದ ಕಂಡವನು. ಕಾರ್ಬೊರೇಟರ್ ಬಿಚ್ಚಿ ಊದಿ ತೊಳೆದ. ನೀರು ತುಂಬಿದ ಡ್ರಮ್ಮಿಗೆ ಇಂಜಿನ್ ಇಳಿಸಿ, ತನ್ನದೇ ಕ್ಯಾನಿನ ಎಣ್ಣೆಗೆ ಪೈಪು ಸಿಕ್ಕಿಸಿ ಓಡಿಸಿದ. ರೇಸ್ ಕೊಟ್ಟ. ಡ್ರಮ್ಮಿನ ನೀರೆಲ್ಲ ಹೊರಗೆ ಹಾರಿ ನನ್ನ ಸೀರೆ ಒದ್ದೆಯಾಯಿತು. ಅರ್ಧ ತಾಸು ಓಡಿಸಿದರೂ ಒಂದು ಕೆಮ್ಮಿಲ್ಲ.

“ಇದಕ್ಕೆ ಎಂತ ರೋಗವೂ ಇಲ್ಲ ಮಾರಾಯ. ನಿನ್ನ ಎಣ್ಣೆ ನೋಡ್ಕೊ” ಅಂದ ಮೇಸ್ತ್ರಿ.

ಮನೆಗೆ ತಂದು ದೋಣಿಗೆ ಕಟ್ಟಿ ನದಿಯಲ್ಲಿ ಓಡಿಸಿದರೆ ಮತ್ತೆ ಅದೇ ಕೆಮ್ಮು.

ಎಣ್ಣೆ ಎಂದರೆ ಸೀಮೆಎಣ್ಣೆ. ನಮ್ಮ ಬಾಯಲ್ಲಿ ಚಿಮಣಿ ಎಣ್ಣೆ. ಅದನ್ನು ಕ್ಯಾನುಗಳಲ್ಲಿ ತಂದು ಟಾಂಕಿ ತುಂಬುವ ಕೆಲಸ ಸೊಸೆಯ ಅಣ್ಣನದು. ಎಣ್ಣೆಯಲ್ಲಿ ನೀರು ಸೇರಿದರೆ ಇಂಜಿನ್ ಕೆಮ್ಮುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಮಳೆ ಶುರುವಾದ ಹೊಸತರಲ್ಲಿ ಒಂದು ಸಲ ಹಾಗೆ ಆಗಿ, ಇದೇ ಮೇಸ್ತ್ರಿ ಬಂದು, ಟಾಂಕಿಗೆ ಮಳೆನೀರು ಹೋಗುತ್ತಿದೆ, ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದ. ಗಂಡಸರು ಹೂಂ ಎಂದು ಸುಮ್ಮನಾದರು. ನೋಡಿಕೊಂಡವಳು ನಾನು. ಟಾಂಕಿಯ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತು ಇತ್ತು. ತುಕ್ಕು ತಿಂದ ತೂತು ಎಂದುಕೊಂಡೆ. ಹಳೆಯ ಸೈಕಲ್ ಟ್ಯೂಬ್ ಗುಂಡಗೆ ಕತ್ತರಿಸಿ ಮುಚ್ಚಳದ ಒಳಗೆ ಕೂರಿಸಿದೆ.

ಈ ಕೆಲಸ ನನಗೆ ಹೊಸದಲ್ಲ. ನಾನು ಒಣಮೀನಿನವಳು. ಬೇಸಿಗೆಯಲ್ಲಿ ಒಣಗಿಸಿದ ಮೀನನ್ನು ಡಬ್ಬದಲ್ಲಿ ತುಂಬಿ, ಮುಚ್ಚಳಕ್ಕೆ ಹೀಗೇ ರಬ್ಬರ್ ಕೊಟ್ಟು ಬಿಗಿದರೆ ಆಷಾಢದಲ್ಲೂ ಮುಗ್ಗುವುದಿಲ್ಲ. ಕುಮಟೆಯ ಸಂತೆಯಲ್ಲಿ ನನ್ನ ಡಬ್ಬ ತೆಗೆಯುವುದನ್ನೇ ಕಾಯುವ ಗಿರಾಕಿಗಳಿದ್ದಾರೆ. ಗಾಳಿ ಆಡಿದರೆ ಮಾಲು ಕೆಡುತ್ತದೆ. ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ. ಆದರೆ ಡಬ್ಬ ಬಿಗಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು.

ಆದ್ದರಿಂದ ನನ್ನ ಲೆಕ್ಕಾಚಾರ ಹೀಗೆ ಹೋಯಿತು: ಮೇಲಿನಿಂದ ಒಂದು ಹನಿಯೂ ಹೋಗದ ಹಾಗೆ ನಾನು ಮುಚ್ಚಿದ್ದೇನೆ. ಆದರೂ ಇಂಜಿನ್ ಕೆಮ್ಮುತ್ತದೆ. ಹಾಗಾದರೆ ನೀರು ಕ್ಯಾನಿನಲ್ಲೇ ಬರುತ್ತಿದೆ. ಕ್ಯಾನ್ ತರುವವನು ಯಾರು?

ಮಾರನೆಯ ಬೆಳಿಗ್ಗೆ ದಂಡೆಯ ಮೇಲೆ, ಹತ್ತಿಪ್ಪತ್ತು ಜನರ ಎದುರು ಅವನನ್ನು ಹಿಡಿದೆ.

“ಎಣ್ಣೆಗೆ ಎಷ್ಟು ನೀರು ಬೆರೆಸ್ತೆ?”

ಅವನಿಗೆ ಮೊದಲು ತಮಾಷೆ ಅನಿಸಿರಬೇಕು. “ಹಾಲಿಗೆ ಹಾಕ್ದಷ್ಟೇ ಅತ್ತೆ” ಎಂದು ನಕ್ಕ.

“ಹಲ್ಲು ಕಿಸಿಬೇಡ. ಒಳ್ಳೇ ಎಣ್ಣೆ ಊರಿಗೆ ಕಳಿಸಿ, ಕಚಡಾ ನಮ್ಮ ಟಾಂಕಿಗೆ ಹೊಯ್ತಿದ್ದೆ. ನನ್ನ ಮಗ ಅಳಿವೆಯಲ್ಲಿ ಸತ್ರೆ ನಿನ್ನ ತಂಗಿ ಮುಂಡೆ ಆಗ್ತಾಳೆ, ಅದಾದ್ರೂ ನೆನಪಿತ್ತಾ?”

ಅವನ ನಗು ನಿಂತಿತು. ಸುತ್ತ ಮೀನು ಆರಿಸುತ್ತಿದ್ದ ಕೈಗಳೂ ನಿಂತವು.

“ಅತ್ತೆ, ಅದೇ ದೋಣಿಯಲ್ಲಿ ನಾನೂ ಕೂತ್ಕಳ್ತೆ. ನೀರು ಹಾಕಿ ನಾನೇ ಸಾಯ್ಲಾ?”

“ಹಂಗಾದ್ರೆ ಅವತ್ತು ಅಳಿವೆಯಲ್ಲಿ ಮುಚ್ಚಳ ತೆಗ್ದು ಬಗ್ಗಿ ನೋಡಿದ್ದೆಂತಕ್ಕೆ? ಒಳಗೆ ಎಂತ ಅದೆ ಅಂತ ನಿಂಗೆ ಗೊತ್ತಿತ್ತು. ಅದ್ಕೇ ನೋಡ್ದೆ.”

“ಎಣ್ಣೆ ಖಾಲಿ ಆತೇನೋ ಅಂತ ನೋಡ್ದೆ.”

“ಸುಳ್ಳು.”

ಅವನು ನಮ್ಮ ಮನೆಗೆ ಹೋಗಿ ಚೀಲ ತೆಗೆದುಕೊಂಡು ಭಟ್ಕಳದ ಬಸ್ಸು ಹತ್ತಿದ. ಮಗ ತಡೆಯಲು ಹೋದವನು ನನ್ನ ದನಿ ಕೇಳಿ ನಿಂತುಬಿಟ್ಟ. ಸೊಸೆ ಮಧ್ಯಾಹ್ನ ಅನ್ನ ಬಡಿಸಿದಳು, ಸಾರು ಬಡಿಸಿದಳು, ನನ್ನ ಕಡೆ ನೋಡಲಿಲ್ಲ. “ಉಪ್ಪು ಕಮ್ಮಿ” ಅಂದೆ. ಉಪ್ಪಿನ ಡಬ್ಬವನ್ನೇ ತಂದು ನನ್ನ ಎದುರು ಕುಕ್ಕಿದಳು.

ಊಟವಾದ ಮೇಲೆ ನಾನು ಮಾಡಿದ ಕೆಲಸವನ್ನು ಬೈಯುವ ಮೊದಲೇ ಮಾಡಬೇಕಿತ್ತು. ಉಳಿದ ಕ್ಯಾನಿನಿಂದ ಒಂದು ಗಾಜಿನ ಬಾಟಲಿಗೆ ಎಣ್ಣೆ ತೆಗೆದು ಕಿಟಕಿಯಲ್ಲಿ ಇಟ್ಟೆ. ನೀರಿದ್ದರೆ ಕೆಳಗೆ ಇಳಿದು ಬೇರೆ ಪದರ ನಿಲ್ಲುತ್ತದೆ. ಎಲ್ಲರಿಗೂ ತೋರಿಸಬೇಕೆಂದಿದ್ದೆ. ಸಂಜೆ ನೋಡಿದರೆ ಪದರವೇ ಇಲ್ಲ. ಬಾಟಲಿ ಓರೆ ಮಾಡಿದೆ, ಅಲ್ಲಾಡಿಸಿದೆ, ಮತ್ತೆ ಇಟ್ಟು ನೋಡಿದೆ. ತಳದ ತನಕ ಒಂದೇ ಬಣ್ಣ. ಎಣ್ಣೆ ಸರಿಯಿದೆ, ಇಂಜಿನ್ ಸರಿಯಿದೆ. ಹಾಗಾದರೆ ಮಗನನ್ನು ಅಳಿವೆಯ ಬಾಯಲ್ಲಿ ನಿಲ್ಲಿಸಿದ್ದು ಏನು?

ಬಾಟಲಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ಮಗ ಬಂದು, “ನಾಳಿಂದ ನಾನೊಬ್ನೇ ಹೋಗ್ತೆ. ಬಂಗಡೆ ಬಿದ್ದದೆ, ಎಲ್ಲಾ ದೋಣಿ ಹೋಗ್ತಿವೆ” ಅಂದ.

“ಈ ಇಂಜಿನ್ ಕಟ್ಕಂಡಾ?”

“ಮತ್ತೆ ಯಾರ್ದು ಕಟ್ಲಿ?”

“ಹೋಗೂಕಿಲ್ಲ. ನಾಳೆ ಮೇಸ್ತ್ರಿ ಕರಿ. ನದಿಯಲ್ಲಿ ಓಡ್ಸಿ ನೋಡುವ. ನಾನೂ ಬತ್ತೆ.”

ಮಗ ನನ್ನನ್ನು ನೋಡಿದ. ನಮ್ಮಲ್ಲಿ ಹೆಂಗಸರು ಮೀನಿನ ದೋಣಿ ಹತ್ತುವುದಿಲ್ಲ. ನನ್ನ ಅತ್ತೆ ಹತ್ತಿರಲಿಲ್ಲ, ನಾನೂ ನಲವತ್ತು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹತ್ತಿದರೆ ಬಲೆಗೆ ಮೀನು ಬೀಳುವುದಿಲ್ಲ ಎನ್ನುತ್ತಾರೆ.

“ಜನ ಎಂತ ಹೇಳ್ತ್ರು ಅಮ್ಮ?”

“ಬಲೆ ಕೆಳಗೆ ಇಳ್ಸಿಡು. ಬಲೆ ಇಲ್ದೆ ಇದ್ರೆ ಅದು ಬರೀ ದೋಣಿ.”

ಮೇಸ್ತ್ರಿ ಬಂದ. ನಾನು ಸೀರೆ ಎತ್ತಿ ಕಟ್ಟಿಕೊಂಡು ದೋಣಿ ಹತ್ತಿದೆ. ದಂಡೆಯಲ್ಲಿದ್ದವರು ನೋಡಿದರು. “ಅಜ್ಜಿ ದುಬೈಗೆ ಹೊರಟ್ಲು” ಎಂದು ಯಾರೋ ಕೂಗಿದ. “ನಿನ್ನ ಅಪ್ಪನ್ನ ಹುಡ್ಕಿ ತತ್ತೆ” ಅಂದೆ. ಮೇಸ್ತ್ರಿ ಇಂಜಿನ್ನಿನ ಹತ್ತಿರ ಮಗನ ಪಕ್ಕಕ್ಕೆ ಕೂತ. ನನಗೆ ಸಿಕ್ಕಿದ ಜಾಗ ನಡುವೆ, ಟಾಂಕಿಯ ಪಕ್ಕದಲ್ಲಿ. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲವಾದ್ದರಿಂದ ಟಾಂಕಿಯನ್ನೇ ತಬ್ಬಿಕೊಂಡೆ. ತಗಡಿನ ಹಳೆಯ ಟಾಂಕಿ ಅದು.

ಶರಾವತಿ ಸೇತುವೆಯ ಕಡೆಗೆ ತಿರುಗಿಸಿ ಮಗ ನಿಧಾನ ಹೋದ. ಇಂಜಿನ್ ಚೆನ್ನಾಗಿಯೇ ಓಡಿತು. “ಈಗ ಕೊಡು” ಅಂದ ಮೇಸ್ತ್ರಿ. ಫುಲ್ ಕೊಟ್ಟ ಕೂಡಲೇ ದೋಣಿಯ ಮೂತಿ ಎದ್ದಿತು. ಕಣ್ಣು ಮುಚ್ಚಿಕೊಂಡೆ. ದೋಣಿಯ ವೇಗ ಇಷ್ಟಿರುತ್ತದೆ ಎಂದು ದಂಡೆಯಲ್ಲಿ ಕೂತವಳಿಗೆ ಗೊತ್ತಿರಲಿಲ್ಲ. ಮಗ ದಿನಾ ಹೀಗೆ ಹೋಗುತ್ತಾನೆಯೇ?

ಸ್ವಲ್ಪ ಹೊತ್ತಿಗೆ ನನ್ನ ಅಂಗೈ ಕೆಳಗೆ ಏನೋ ಆಯಿತು. ಟಾಂಕಿಯ ತಗಡು ಒಳಗೆ ಹೋಗುತ್ತಿತ್ತು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಕೈ ಒತ್ತಿ ಹಿಡಿದೆ. ಉಪವಾಸ ಬಿದ್ದವನ ಕೆನ್ನೆಯ ಹಾಗೆ ನಿಧಾನವಾಗಿ ಒಳಕ್ಕೆ ಜಾರುತ್ತಿತ್ತು. “ಟೊಣ್” ಎಂದು ತಗಡು ಮಡಚಿಕೊಂಡ ಸದ್ದು ಬಂತು. ಅದರ ಬೆನ್ನಿಗೇ ಇಂಜಿನ್ ಕೆಮ್ಮಿತು.

ಡಬ್ಬದ ವಿಷಯ ನನಗೆ ಗೊತ್ತಿದೆ. ತಂತಾನೇ ಡಬ್ಬ ಒಳಗೆ ಹೋಗುವುದಿಲ್ಲ. ಒಳಗಿನಿಂದ ಯಾರೋ ಎಳೆದರೆ ಮಾತ್ರ ಹೋಗುತ್ತದೆ. ನಾನು ಮುಚ್ಚಳಕ್ಕೆ ಕೈ ಹಾಕಿದೆ. ಕಚ್ಚಿಕೊಂಡಿತ್ತು. ಸೆರಗು ಸುತ್ತಿ, ಎರಡೂ ಕೈ ಹಾಕಿ ತಿರುಗಿಸಿದೆ. ಸ್‌ಸ್‌ಸ್ ಎಂದು ಗಾಳಿ ಒಳಗೆ ನುಗ್ಗಿತು. ತಗಡು ಡಬ್ ಎಂದು ಹೊರಗೆ ಉಬ್ಬಿತು. ಕೆಮ್ಮುತ್ತಿದ್ದ ಇಂಜಿನ್ ಒಮ್ಮೆ ಗುಟುಕರಿಸಿ ಹುಚ್ಚು ಹಿಡಿದ ಹಾಗೆ ಕೂಗಿತು. ದೋಣಿ ಮುಂದಕ್ಕೆ ಹಾರಿತು. ಮೇಸ್ತ್ರಿ ಅಂಗಾತ ಬಿದ್ದ. ನಾನು ಮುಚ್ಚಳ ಹಿಡಿದುಕೊಂಡೇ ಕೂತಿದ್ದೆ. ಇಂಜಿನ್ ಮತ್ತೆ ಕೆಮ್ಮಲೇ ಇಲ್ಲ.

ಸೇತುವೆಯ ಹತ್ತಿರ ಮಗ ನಿಧಾನ ಮಾಡಿದ. ಮೇಸ್ತ್ರಿ ಎದ್ದು ಬಂದು ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡ. ಒಳಗೆ ಉಗುರು ಹಾಕಿ ರಬ್ಬರ್ ಎಬ್ಬಿಸಿದ. ಹಾಕಿದಾಗ ತೆಳ್ಳಗಿದ್ದದ್ದು ಇಷ್ಟು ದಿನದಲ್ಲಿ ಎಣ್ಣೆ ಕುಡಿದು ದಪ್ಪಗೆ ಉಬ್ಬಿ ತೂತಿಗೆ ಅಂಟಿಕೊಂಡಿತ್ತು.

“ಥೋ! ಈ ತೂತ ಯಾರು ಮುಚ್ಚಿದ್ದು?”

“ತುಕ್ಕಿನ ತೂತಲ್ದಾ ಅದು?” ಅಂದೆ.

“ತುಕ್ಕಲ್ಲ ಅಮ್ಮ, ಬೇಕಂತಲೇ ಇಟ್ಟದ್ದು. ಇಂಜಿನ್ ಎಣ್ಣೆ ಎಳೀತದೆ, ಖಾಲಿಯಾದ ಜಾಗಕ್ಕೆ ಗಾಳಿ ಬೇಕು. ನಿಧಾನ ಹೋದ್ರೆ ಸ್ವಲ್ಪ ಸ್ವಲ್ಪ ಎಳೀತದೆ, ಎಲ್ಲೋ ಸಂದಿಯಿಂದ ಗಾಳಿ ನುಸುಳಿ ಸಾಕಾಗ್ತದೆ. ಫುಲ್ ಕೊಟ್ರೆ ಗಟಗಟ ಎಳೀತದೆ. ಗಾಳಿ ಇಲ್ಲ, ಎಣ್ಣೆ ಬರೂದಿಲ್ಲ, ಉಪವಾಸ ಬಿದ್ದು ಕೆಮ್ತದೆ. ನೀವು ಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತ್ರಿ ಅಲ್ದಾ? ಒಂದೇ ಹೊಡೆದ್ರೆ ಎಣ್ಣೆ ಬತ್ತದಾ?”

ಬರುವುದಿಲ್ಲ. ಅದು ನನಗೆ ಗೊತ್ತು. ಮದುವೆಯಾಗಿ ಬಂದ ದಿನದಿಂದ ತೆಂಗಿನೆಣ್ಣೆಯ ಡಬ್ಬಕ್ಕೆ ಮೊಳೆ ಇಟ್ಟು ಎರಡು ತೂತು ಹೊಡೆಯುತ್ತ ಬಂದವಳು ನಾನು. ಒಂದರಿಂದ ಎಣ್ಣೆ ಬರಲು, ಇನ್ನೊಂದರಿಂದ ಗಾಳಿ ಹೋಗಲು. ಅಡಿಗೆಮನೆಯಲ್ಲಿ ಗೊತ್ತಿದ್ದದ್ದು ದೋಣಿಯಲ್ಲಿ ನನ್ನ ತಲೆಗೆ ಹತ್ತಲಿಲ್ಲ. ಮೇಸ್ತ್ರಿಯ ಅಂಗಡಿಯಲ್ಲಿ ಇಂಜಿನ್ ಕೆಮ್ಮದೆ ಇದ್ದದ್ದು ಅವನ ಕ್ಯಾನಿನಿಂದ ಎಣ್ಣೆ ಕುಡಿದದ್ದಕ್ಕೆ. ನಮ್ಮ ಟಾಂಕಿಯನ್ನು ಯಾರೂ ಅಲ್ಲಿಗೆ ಒಯ್ದಿರಲಿಲ್ಲ.

“ಭಾವನೇ ಹಾಕಿರ್ಬೇಕು” ಅಂದ ಮಗ. “ಟಾಂಕಿ ತುಂಬೂದು ಅವನೇ. ಅಮ್ಮ, ನೀನು ಅವಂಗೆ ಬೈದದ್ದು ಸುಳ್ಳಾಗ್ಲಿಲ್ಲ ಕಾಣು. ಇಂಜಿನ್ ಡಾಕ್ಟರು ನೀನು!”

ಮೇಸ್ತ್ರಿಯೂ ನಕ್ಕ. ನಾನು ಬಾಯಿ ತೆರೆಯಲಿಲ್ಲ. ಎದುರಿಗೆ ಯಾರಿದ್ದರೂ ಮುಖಕ್ಕೇ ಹೇಳುವವಳು ಎಂದು ಊರೆಲ್ಲ ನನ್ನನ್ನು ಬಲ್ಲದು. ಆ ದಿನ ಸೇತುವೆಯಿಂದ ಕಾಸರಕೋಡಿನ ದಡದವರೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಸುಮ್ಮನಿದ್ದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಆ ಯೋಚನೆ ನನ್ನದು ಎಂದು ನಂಬಲಿಕ್ಕೆ ನನಗೆ ಈಗಲೂ ಆಗುವುದಿಲ್ಲ.

ದೋಣಿಯ ಅಡಿ ಮರಳಿಗೆ ತಾಗಿದಾಗ ಹೇಳಿದೆ. “ರಬ್ಬರ್ ಹಾಕಿದ್ದು ನಾನು.”

ಮಗನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮಳೆನೀರಿನ ಕಥೆ, ಟ್ಯೂಬ್ ಕತ್ತರಿಸಿದ ಕಥೆ, ಬಾಟಲಿಯಲ್ಲಿ ನೀರಿಲ್ಲದ ಕಥೆ, ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ದೋಣಿಯ ಅಂಚು ಹಿಡಿದು ನಿಂತ.

“ಅಮ್ಮ, ಅವತ್ತು ಅಳಿವೆಯಲ್ಲಿ ಭಾವ ಮುಚ್ಚಳ ತೆಗೀದೇ ಇದ್ದಿದ್ರೆ...”

ನಾನು ಒದ್ದೆ ಮರಳಿನ ಮೇಲೆ ಕೂತುಬಿಟ್ಟೆ. ಟಾಂಕಿಯ ಉಸಿರು ಕಟ್ಟಿದವಳು ನಾನು. ಅದಕ್ಕೆ ಉಸಿರು ಕೊಟ್ಟವನು ಸೊಸೆಯ ಅಣ್ಣ, ತನಗೇ ಗೊತ್ತಿಲ್ಲದೆ. ಯಾವ ಕೈ ನನ್ನ ಮಗನನ್ನು ದಡ ಹತ್ತಿಸಿತೋ ಆ ಕೈಯನ್ನು ತೋರಿಸಿ, ಇದೇ ಕಳ್ಳನ ಕೈ ಎಂದು ಊರಿನ ಎದುರು ಕೂಗಿದ್ದೆ.

ಮನೆಯಲ್ಲಿ ಸೊಸೆಗೆ ಹೇಳಿದೆ. ಅವಳು ಹೆಂಚಿನ ಮೇಲೆ ಮೀನು ಹಾಕುತ್ತಿದ್ದವಳು ತಿರುಗಿ ನೋಡಿದಳು. “ನಂಗೆ ಎಂತಕ್ಕೆ ಹೇಳ್ತ್ರಿ ಅತ್ತೆ? ಬೈಸ್ಕಂಡದ್ದು ನಾನಲ್ಲ” ಅಂದಳು. ಮೀನು ಹೊತ್ತಿತು. ಅವಳು ಹೊರಳಿಸಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ, ಅಲ್ಲಿಂದ ತೆಂಗಿನಗುಂಡಿಗೆ ಹೋದೆ. ಅವನು ಮನೆಯ ಎದುರು ಬಲೆಯ ಹರಕು ಕಟ್ಟುತ್ತಿದ್ದ. ಒಳಗೆ ಬನ್ನಿ ಅನ್ನಲಿಲ್ಲ. ನಿಂತಲ್ಲೇ ಹೇಳಿದೆ: ಗಾಳಿಯ ತೂತು ಮುಚ್ಚಿದ್ದು ನಾನು, ನಿನ್ನ ಎಣ್ಣೆಯಲ್ಲಿ ನೀರಿರಲಿಲ್ಲ, ನೀನು ಮುಚ್ಚಳ ತೆಗೆದದ್ದಕ್ಕೆ ನನ್ನ ಮಗ ಉಳಿದ.

ಅವನ ಕೈ ನಿಂತಿತು. ಮುಚ್ಚಳದ ಮಾತು ಅವನಿಗೂ ಆಗಷ್ಟೇ ಗೊತ್ತಾದದ್ದು. “ದೇವ್ರೇ” ಎಂದು ಮೆಲ್ಲಗೆ ಹೇಳಿದ. ಆಮೇಲೆ ತಲೆ ಎತ್ತಿದ.

“ಬೈದದ್ದು ದಂಡೆಯಲ್ಲಿ ಅತ್ತೆ. ಹೇಳೂಕೆ ನನ್ನ ಮನೆಗೆ ಬಂದ್ರಿ.”

“ಎಂತ ಮಾಡ್ಬೇಕು ಹೇಳು.”

“ನಾ ಎಂತ ಹೇಳ್ಲಿ? ನಿಮಗೆ ಗೊತ್ತಾತಲ್ದಾ.”

ಅದಾದ ನಾಲ್ಕನೆಯ ದಿನ ಅವನು ಕಾಸರಕೋಡಿಗೆ ಬಂದ. ದೋಣಿ ಇಳಿಸುವ ಹೊತ್ತಿಗೆ ದಂಡೆಯಲ್ಲಿ ಅದೇ ಹೆಂಗಸರು, ಅದೇ ಗಂಡಸರು. ನಾನು ನಡುವೆ ನಿಂತು ಜೋರಾಗಿ ಹೇಳಿದೆ. “ಇವ ನೀರು ಬೆರೆಸ್ಲಿಲ್ಲ. ಟಾಂಕಿ ಮುಚ್ಚಳದ ತೂತು ಮುಚ್ಚಿ ಇಂಜಿನ್ ನಿಲ್ಸಿದ್ದು ನಾನು. ಕೇಳ್ತಾ ಎಲ್ಲರಿಗೂ?” ಒಬ್ಬಳು, “ನಿಂಗೂ ತಪ್ಪಾಗ್ತದಾ ಮಾರಾಯ್ತಿ?” ಎಂದು ನಕ್ಕಳು. ಉಳಿದವರು ನಗಲಿಲ್ಲ. ಅವನು ಕೇಳಿಸಿಕೊಂಡ, ಪ್ಯಾಂಟು ಮಡಚಿದ, ದೋಣಿಗೆ ಹೆಗಲು ಕೊಟ್ಟ.

ಅವತ್ತು ಅವರು ತಿರುಗಿ ಬರುವಾಗ ತೆರೆ ಮತ್ತೂ ಜೋರಿತ್ತು. ನನಗೆ ಕೂರಲಾಗಲಿಲ್ಲ. ಮಗ ದಿಬ್ಬದ ಹೊರಗಿನಿಂದಲೇ ಫುಲ್ ಕೊಟ್ಟ. ಕೆಮ್ಮು ಈಗ ಬರುತ್ತದೆ, ಈಗ ಬರುತ್ತದೆ ಎಂದು ಉಸಿರು ಹಿಡಿದು ಕೇಳಿದೆ. ಬರಲಿಲ್ಲ. ದೋಣಿ ಒಂದೇ ದನಿಯಲ್ಲಿ ಕೂಗುತ್ತ ದಿಬ್ಬ ದಾಟಿ ನದಿಯ ಶಾಂತ ನೀರಿಗೆ ಬಿತ್ತು. ಬುಟ್ಟಿ ತುಂಬ ಬಂಗಡೆ ಬಂತು. ಪಕ್ಕದವಳು ಕೈ ಕೊಟ್ಟು ಅದನ್ನು ನನ್ನ ತಲೆಯ ಮೇಲೆ ಎತ್ತಿಟ್ಟಳು.

ಅವನು ಈಗಲೂ ನಮ್ಮ ದೋಣಿಗೆ ಬರುತ್ತಾನೆ. ಉಳಿದುಕೊಳ್ಳಲು ದಂಡೆಯ ಆಚೆ ಬೇರೆ ಖೋಲಿ ಮಾಡಿಕೊಂಡಿದ್ದಾನೆ. ದಾರಿಯಲ್ಲಿ ಸಿಕ್ಕರೆ, “ಹೇಂಗಿದ್ರಿ ಅತ್ತೆ?” ಎಂದು ಕೇಳುತ್ತಾನೆ. ಊಟಕ್ಕೆ ಕರೆದರೆ, “ಹಸಿವಿಲ್ಲ” ಅನ್ನುತ್ತಾನೆ. ಬೆಳಗಿನ ಜಾವಕ್ಕೆ ಸಮುದ್ರಕ್ಕೆ ಹೋಗಿ ಬಲೆ ಎಳೆದು ಬಂದ ಗಂಡಸಿಗೆ ಹಸಿವಿಲ್ಲ ಎಂದರೆ ಏನರ್ಥ ಎಂಬುದು ನನಗೆ ತಿಳಿಯುತ್ತದೆ. ನಾನು ಒತ್ತಾಯ ಮಾಡುವುದಿಲ್ಲ. ಸೊಸೆ ಡಬ್ಬಿಯಲ್ಲಿ ಅನ್ನ ತುಂಬಿ ಅವನ ಖೋಲಿಗೆ ಒಯ್ದು ಕೊಡುತ್ತಾಳೆ. ಮೀನಿನ ಸಾರು ನಾನು ಮಾಡಿದ್ದು. ಅದನ್ನು ಅವಳು ಅವನಿಗೆ ಹೇಳುತ್ತಾಳೋ ಇಲ್ಲವೋ, ನಾನು ಕೇಳಿಲ್ಲ.